ಊರ ರಸ್ತೆಗೆ ಕೈತುಂಬ ಕೆಲಸ

ನಮ್ಮೂರಿನ ರಸ್ತೆ ಗುಂಡಿ ಬಿದ್ದಿದ್ದಷ್ಟು ಕಾಲ ಅದರ ಮೇಲೆ ಯಾರೂ ಸಾಯಲಿಲ್ಲ. ಬಿದ್ದರು, ಮೊಣಕಾಲು ತರಚಿಕೊಂಡರು, ಸೈಕಲ್ಲಿನ ಕ್ಯಾರಿಯರ್‌ನಿಂದ ಕ್ಯಾನು ಉರುಳಿ ಡೇರಿಗೆ ಹೋಗಬೇಕಾದ ಹಾಲು ಮಣ್ಣುಪಾಲಾಯಿತು, ಅಷ್ಟೇ. ಸಾವು ಬಂದದ್ದು ಟಾರು ಬಂದ ಮೇಲೆ. ಈ ಮಾತನ್ನು ಗ್ರಾಮಸಭೆಯಲ್ಲಿ ಆಡಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಹಂಗಾದ್ರೆ ರಸ್ತೆ ಕಿತ್ತಾಕ್ಸುಬುಡಾನ ಬುಡಣ್ಣ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೀಳಿಸಬೇಕಾಗಿಲ್ಲ. ಆದರೆ ಆ ರಸ್ತೆಯ ಮೇಲೆ ಏನೇನು ನಡೆಯುತ್ತೆ ಅಂತ ಒಮ್ಮೆ ಲೆಕ್ಕ ಹಾಕಬೇಕು.

ನಾನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಮಂಡ್ಯ ಜಿಲ್ಲೆಯ ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ ತಾಲ್ಲೂಕುಗಳ ಹಳ್ಳಿ ರೂಟುಗಳಲ್ಲೇ ನನ್ನ ಸರ್ವೀಸಿನ ಬಹುಪಾಲು ಕಳೆಯಿತು. ಕೊನೇ ಟ್ರಿಪ್ಪು ಮುಗಿಸಿ ಯಾವುದೋ ಊರಿನ ಅರಳಿಕಟ್ಟೆ ಪಕ್ಕ ಬಸ್ಸು ನಿಲ್ಲಿಸಿ, ಅದರಲ್ಲೇ ಮಲಗಿ, ಬೆಳಗ್ಗೆ ಹೂವಿನ ಮೂಟೆ, ತರಕಾರಿ, ಕಾಲೇಜು ಹುಡುಗರನ್ನು ತುಂಬಿಕೊಂಡು ಹೊರಡುವ ನೈಟ್ ಹಾಲ್ಟ್ ಡ್ಯೂಟಿ. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ನಮ್ಮ ಬೀದಿಯವರು ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲಿಸಿದರು, ಗೆದ್ದೆ. ಸ್ಟೇರಿಂಗ್ ಹಿಡಿದು ಬೈಯುತ್ತಿದ್ದ ರಸ್ತೆಯನ್ನು ಈಗ ಜಗಲಿ ಮೇಲೆ ಕೂತು ನೋಡುತ್ತೇನೆ.

ಅಪಘಾತ ಅಂದರೆ ಪಟ್ಟಣದ ರೋಗ ಅಂತ ನಮ್ಮವರ ನಂಬಿಕೆ. ಕೇಂದ್ರ ಸರ್ಕಾರದ ಸಾರಿಗೆ ಸಚಿವಾಲಯ ಕೊಟ್ಟ ಲೆಕ್ಕ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 68 ಮಂದಿ ಸತ್ತದ್ದು ಗ್ರಾಮಾಂತರ ಪ್ರದೇಶದಲ್ಲಿ. ನೂರಕ್ಕೆ 44 ಮಂದಿ ಬೈಕು, ಸ್ಕೂಟರಿನ ಮೇಲಿದ್ದವರು; 19 ಮಂದಿ ನಡೆದು ಹೋಗುತ್ತಿದ್ದವರು. ಪಟ್ಟಣದಲ್ಲಿ ಗಾಡಿಗಳು ಒಂದರ ಹಿಂದೆ ಒಂದು ತೆವಳುತ್ತವೆ. ತಾಗಿದರೆ ಬಂಪರ್ ಹೋಗುತ್ತೆ, ಪ್ರಾಣ ಉಳಿಯುತ್ತೆ. ಹಳ್ಳಿ ರಸ್ತೆ ಖಾಲಿ ಅಂತ ಓಡಿಸುವವನು ಆಕ್ಸಿಲರೇಟರ್ ತುಳಿಯುತ್ತಾನೆ. ಅದು ಖಾಲಿ ಇರೋದಿಲ್ಲ. ಬೆಳಗಿನ ಜಾವ ಡೇರಿಗೆ ಹಾಲು ಹಾಕುವವರು, ಆಮೇಲೆ ಸ್ಕೂಲು ಮಕ್ಕಳು, ಬಿಸಿಲೇರಿದ ಮೇಲೆ ಕುರಿ ಮೇಕೆ, ಮಧ್ಯಾಹ್ನ ಟಾರಿನ ಮೇಲೆ ಮಲಗಿದ ನಾಯಿ, ಸಂಜೆ ಮನೆಗೆ ಹೊರಟ ದನ. ಮದುವೆ ಬಂದರೆ ಅದೇ ರಸ್ತೆ ಚಪ್ಪರ, ಹಬ್ಬದಲ್ಲಿ ಮೆರವಣಿಗೆ ಬೀದಿ. ಸುಗ್ಗಿ ಬಂದರೆ ಕಣ.

ಈ ಕಣದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಡಿಸೆಂಬರ್, ಜನವರಿಯಲ್ಲಿ ಹಳೇ ಮೈಸೂರು ಕಡೆಯ ಯಾವ ಹಳ್ಳಿ ರಸ್ತೆಗೆ ಬೇಕಾದರೂ ಹೋಗಿ. ರಾಗಿ ತೆನೆ, ಹುರುಳಿ, ಅವರೆ, ಅಲಸಂದೆ ರಸ್ತೆ ತುಂಬ ಹರಡಿರುತ್ತೆ. ಹೋಗಿ ಬರುವ ಗಾಡಿಗಳೇ ಅದನ್ನು ತುಳಿದು ಕಾಳು ಬಿಡಿಸಬೇಕು. ನಾನು ಬಸ್ಸು ತಂದು ನಿಲ್ಲಿಸಿ ಹಾರ್ನ್ ಹೊಡೆದರೆ, ತಲೆಗೆ ಟವಲ್ ಸುತ್ತಿಕೊಂಡ ಅಜ್ಜಿಯೊಬ್ಬರು ಕೈಯಲ್ಲಿ ಕವಲುಕೋಲು ಹಿಡಿದು ಕಿಟಕಿ ಹತ್ತಿರ ಬಂದು, "ಡ್ರೈವರಪ್ಪ, ಅಂಚಿಂದ ಹೋಗ್ಬ್ಯಾಡ ಕಣಪ್ಪ, ನಡುಮಧ್ಯಕ್ಕೇ ಹತ್ತುಸ್ಕಂಡು ಹೋಗು. ಬಡಿಯಾಕೆ ಆಳಿಲ್ಲ" ಅನ್ನುತ್ತಿದ್ದರು. ಏನು ಹೇಳೋದು? ಹತ್ತಿಸಿಕೊಂಡು ಹೋಗುತ್ತಿದ್ದೆ.

ರಾಗಿ ಅಷ್ಟು ತೊಂದರೆ ಕೊಡೋದಿಲ್ಲ. ಕಾಳು ಉರುಳುತ್ತೆ, ಬೈಕು ಜಾರುತ್ತೆ, ನಿಧಾನವಾಗಿ ಹೋದರೆ ದಾಟಬಹುದು. ಹುರುಳಿ ಹಾಗಲ್ಲ. ಅದು ಬಳ್ಳಿ. ಚಕ್ರದ ಜೊತೆ ಸುತ್ತಿಕೊಂಡು ಮೇಲೇರಿ ಗಾಡಿಯ ಹೊಟ್ಟೆಗೆ ಸೇರುತ್ತೆ. ಬಸ್ಸಿನ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡರೆ ಹೊಸೆದ ಹಗ್ಗದಷ್ಟು ಬಿಗಿ. ಸುಗ್ಗಿಯಲ್ಲಿ ನನ್ನ ಸೀಟಿನ ಕೆಳಗೆ ಒಂದು ಕುಡುಗೋಲು ಇರುತ್ತಿತ್ತು. ಬಸ್ಸಿನಡಿ ಗೋಣಿಚೀಲ ಹಾಸಿ ಅಂಗಾತ ಮಲಗಿ, ಮುಖದ ಮೇಲೆ ಧೂಳು ಸುರಿಯುತ್ತಿದ್ದರೂ ಎಳೆ ಎಳೆಯಾಗಿ ಕೊಯ್ದು ತೆಗೆಯಬೇಕು. ಕಾರುಗಳಿಗೆ ಅಪಾಯ ಇನ್ನೂ ಹೆಚ್ಚು. ಅವು ನೆಲಕ್ಕೆ ಹತ್ತಿರ, ಸೈಲೆನ್ಸರ್ ಪೈಪು ಕೆಂಡದಂತೆ ಕಾದಿರುತ್ತೆ. ಒಣಗಿದ ಹುರುಳಿ ಅದಕ್ಕೆ ಅಂಟಿದರೆ ಮೊದಲು ಹೊಗೆ, ಆಮೇಲೆ ಬೆಂಕಿ. ಹೀಗೆ ಕಾರು ಸುಟ್ಟ ಸುದ್ದಿ ಸುಗ್ಗಿ ಕಾಲದ ಪೇಪರುಗಳಲ್ಲಿ ಬರುವುದುಂಟು. ಹುರುಳಿ ಹಾದು ಬಂದ ಕಾರಿನವರು ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಗ್ಗಿ ನೋಡಿಕೊಂಡು ಮುಂದೆ ಹೊರಡಬೇಕು.

ಇನ್ನೊಂದು ಅಪಾಯ ಹೊರಗಿನವರ ಕಣ್ಣಿಗೆ ಬೀಳೋದೇ ಇಲ್ಲ. ಹಾಸಿದ ಬೆಳೆಯ ಮೇಲೆ ಗಾಡಿ ಹೋಗಲಿ ಅಂತ ಹೇಗೆ ಆಸೆಪಡುತ್ತಾರೋ, ತೂರಿ ರಾಶಿ ಮಾಡಿದ ಕಾಳಿನ ಮೇಲೆ ಗಾಡಿ ಹತ್ತಬಾರದು ಅಂತ ಹಾಗೇ ಸುತ್ತ ಕಲ್ಲು ಜೋಡಿಸುತ್ತಾರೆ. ಸಂಜೆ ಕಾಳು ತುಂಬಿಕೊಂಡು ಮನೆಗೆ ಹೋಗುತ್ತಾರೆ, ಕಲ್ಲು ಅಲ್ಲೇ ಉಳಿಯುತ್ತೆ. ರಾತ್ರಿ ಬೈಕಿನವನಿಗೆ ಅದು ಕಾಣೋದು ಎಗರಿ ಬಿದ್ದ ಮೇಲೆ.

ರೈತರಿಗೆ ಬುದ್ಧಿ ಇಲ್ಲ ಅಂತ ಬೈಯೋದು ಸುಲಭ. ರಸ್ತೆಯಲ್ಲಿ ಒಕ್ಕಣೆ ಮಾಡಿದರೆ ಕ್ರಮ ಜರುಗಿಸುತ್ತೇವೆ ಅಂತ ಸುಗ್ಗಿ ಬಂದಾಗೆಲ್ಲ ಪ್ರಕಟಣೆ ಹೊರಡುತ್ತೆ. ನಾನು ಹುಡುಗನಾಗಿದ್ದಾಗ ಊರ ಮುಂದೆ ಕಣಕ್ಕೇ ಅಂತ ಜಾಗ ಇತ್ತು. ಕೊಯ್ಲಿಗೆ ಮುಂಚೆ ಹುಲ್ಲು ಕೆರೆದು, ನೀರು ಹಾಕಿ ದಮ್ಮಸ್ಸು ಮಾಡಿ, ಸಗಣಿ ಬಗ್ಗಡ ಬಳಿದು ಒಣಗಿಸುತ್ತಿದ್ದರು. ನಡುವೆ ಮೇಟಿ, ಸುತ್ತ ಎತ್ತು, ಎತ್ತಿನ ಹಿಂದೆ ರೋಣಗಲ್ಲು. ಈಗ ಆ ಜಾಗದಲ್ಲಿ ಮನೆಗಳಿವೆ, ಒಂದು ನೀರಿನ ಟ್ಯಾಂಕಿದೆ. ಎತ್ತು ಸಾಕುವವರು ಬೆರಳೆಣಿಕೆ. ಆಳಿನ ಕೂಲಿ ಕೊಟ್ಟು ಹುರುಳಿ ಬಡಿಸಿದರೆ ಹುರುಳಿಯ ಬೆಲೆ ಕೂಲಿಗೇ ಸರಿಹೋಗುತ್ತೆ. ಕಣ ಕಿತ್ತುಕೊಂಡು ಟಾರು ರಸ್ತೆ ಕೊಟ್ಟರೆ ಜನ ಟಾರು ರಸ್ತೆಯನ್ನೇ ಕಣ ಮಾಡಿಕೊಂಡರು. ಇದರಲ್ಲಿ ಆಶ್ಚರ್ಯ ಏನಿದೆ?

ಉದ್ಯೋಗ ಖಾತ್ರಿ ಯೋಜನೆಯಲ್ಲಿ ಒಕ್ಕಣೆ ಕಣ ಕಟ್ಟಿಸಲು ಅವಕಾಶ ಇತ್ತು. ಕೆರೆ ಏರಿಯ ಪಕ್ಕ ಸರ್ಕಾರಿ ಜಾಗದಲ್ಲಿ ಸಿಮೆಂಟಿನ ಕಣ ಹಾಕಿಸಿದೆವು. ಮೊದಲ ಸುಗ್ಗಿಯಲ್ಲಿ ಅಲ್ಲಿ ಹುಡುಗರು ಕ್ರಿಕೆಟ್ ಆಡಿದರು; ರಾಗಿ ಹುರುಳಿ ರಸ್ತೆಯ ಮೇಲೇ ಇತ್ತು. ವಿಚಾರಿಸಿದರೆ ಅಜ್ಜಿಯೊಬ್ಬರು, "ಕಣ ಮಾಡ್ಸಿದ್ದೀಯ ಸರಿ, ತುಳಿಯೋರ್ಯಾರು?" ಅಂದರು. ರಸ್ತೆಯಲ್ಲಿ ಪುಕ್ಕಟೆ ಚಕ್ರ ಸಿಗುತ್ತೆ, ಕಣದಲ್ಲಿ ಸಿಗೋದಿಲ್ಲ. ಮುಂದಿನ ವರ್ಷ ಟ್ರ್ಯಾಕ್ಟರ್ ಇರುವ ನಾಲ್ಕೈದು ಜನರನ್ನು ಕೂರಿಸಿ ಮಾತಾಡಿದೆವು. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಟ್ರ್ಯಾಕ್ಟರ್ ಕಣದಲ್ಲಿ ಸುತ್ತಬೇಕು, ಡೀಸೆಲ್ ಖರ್ಚನ್ನು ಬೆಳೆ ಹಾಕಿದವರು ಹಂಚಿಕೊಳ್ಳಬೇಕು. ಅರ್ಧದಷ್ಟು ಜನ ರಸ್ತೆ ಬಿಟ್ಟು ಬಂದರು. ಉಳಿದವರ ಹೊಲ ರಸ್ತೆ ಪಕ್ಕದಲ್ಲೇ ಇದೆ, ಅವರು ಕೆರೆ ಏರಿಗೆ ಹೊರೆ ಹೊತ್ತು ಬರೋದಿಲ್ಲ. ಅವರಿಗೆ ಎರಡೇ ಕಟ್ಟಳೆ: ತಿರುವಿನಲ್ಲಿ ಹಾಸಕೂಡದು, ಕತ್ತಲಾಗುವ ಮುಂಚೆ ಕಲ್ಲು ಎತ್ತಬೇಕು. ಊರಲ್ಲಿ ತಮಟೆ ಹೊಡೆಸಿ ಸಾರಿಸಿದೆವು. ಪ್ರಕಟಣೆಗಿಂತ ತಮಟೆಗೆ ಬೆಲೆ ಜಾಸ್ತಿ.

ಇನ್ನು ಹಂಪ್ಸ್. ಊರಲ್ಲಿ ಯಾರಾದರೂ ಗಾಡಿಗೆ ಸಿಕ್ಕಿ ಸತ್ತರೆ ಜನ ರಸ್ತೆ ತಡೆದು ಕೂರುತ್ತಾರೆ, ಅಧಿಕಾರಿಗಳು ಬಂದು ಆಶ್ವಾಸನೆ ಕೊಡುತ್ತಾರೆ, ಆಶ್ವಾಸನೆ ಹಳಸುವ ಹೊತ್ತಿಗೆ ಹುಡುಗರು ರಾತ್ರೋರಾತ್ರಿ ಜಲ್ಲಿ, ಸಿಮೆಂಟು ಸುರಿದು ತಾವೇ ಹಂಪ್ ಹಾಕುತ್ತಾರೆ. ಅಗಲ ಒಂದಡಿ, ಎತ್ತರ ಮುಕ್ಕಾಲಡಿ. ಅವರ ಸಿಟ್ಟು ನನಗೆ ಅರ್ಥವಾಗುತ್ತೆ, ಆದರೆ ಅದರ ಆಕಾರ ಒಪ್ಪೋಕಾಗಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋದು ದೇಶದ ರಸ್ತೆಗಳಿಗೆ ಅಳತೆ ಗೊತ್ತು ಮಾಡುವ ಸಂಸ್ಥೆ. ಅದು ಹೇಳುವ ಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅಂದರೆ ಹನ್ನೆರಡು ಅಡಿ ಅಗಲ, ಬರೀ ನಾಲ್ಕು ಇಂಚು ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಗಾಡಿ ಸಲೀಸಾಗಿ ಹತ್ತಿ ಇಳಿಯುತ್ತೆ. ಅದಕ್ಕಿಂತ ಜೋರಾಗಿ ಹೋದವನಿಗೆ ಮಾತ್ರ ಕುಕ್ಕುತ್ತೆ. ಕಪ್ಪು ಬಿಳಿ ಪಟ್ಟೆ ಬಳಿದಿರಬೇಕು, 40 ಮೀಟರ್ ಮುಂಚೆಯೇ ಬೋರ್ಡು ಇರಬೇಕು.

ನಮ್ಮ ಹುಡುಗರು ಹಾಕುವ ಗೋಡೆಯಂಥ ಹಂಪು ಮೆಲ್ಲಗೆ ಹೋದವನಿಗೂ ಕುಕ್ಕುತ್ತೆ. ಬಸ್ಸಿನ ಕೊನೇ ಸೀಟಿನಲ್ಲಿ ಕೂತವರು ಮೇಲಕ್ಕೆ ಎಗರುತ್ತಾರೆ. ಬಾಣಂತಿ ಬಸುರಿಯರನ್ನು ಯಾವ ಕಂಡಕ್ಟರೂ ಹಿಂದಕ್ಕೆ ಕಳಿಸೋದಿಲ್ಲ, ಅದಕ್ಕೆ ಕಾರಣ ಇದೇ. ಬಣ್ಣ ಇಲ್ಲದ ಹಂಪಿಗೆ ರಾತ್ರಿ ಬಲಿಯಾಗೋರು ಬೈಕಿನ ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತ ಹೆಂಗಸರು. ಓಡಿಸುವವನ ಕೈಗೆ ಹ್ಯಾಂಡಲ್ ಇದೆ, ಅವರ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ. ಸಾವು ತಡೆಯಲು ಹಾಕಿದ ಹಂಪು ಇನ್ನೊಂದು ಮನೆಯ ಸಾವಿಗೆ ಕಾರಣವಾದದ್ದನ್ನು ನನ್ನ ರೂಟಿನಲ್ಲೇ ಕಂಡಿದ್ದೇನೆ.

ಎಲ್ಲಿ ಹಾಕಬೇಕು ಅನ್ನೋದರಲ್ಲೂ ನಮ್ಮವರ ಲೆಕ್ಕ ತಿರುಗುಮುರುಗು. ಹೆದ್ದಾರಿಗೆ ಹಂಪ್ ಹಾಕಿ ಅಂತ ಅರ್ಜಿ ಮೇಲೆ ಅರ್ಜಿ. ರಾಷ್ಟ್ರೀಯ ಹೆದ್ದಾರಿಗೆ ಹಂಪ್ ಹಾಕುವಂತಿಲ್ಲ. ಹಾಕಬೇಕಾದ್ದು ಹೆದ್ದಾರಿಗೆ ಬಂದು ಕೂಡುವ ನಮ್ಮ ಊರ ರಸ್ತೆಗೆ. ಕ್ರಾಸಿನಲ್ಲಿ ಸತ್ತವರ ಕತೆ ಕೇಳಿದರೆ ಹೆಚ್ಚಿನದು ಒಂದೇ ಥರ: ಹೊಲದ ಕಡೆಯಿಂದ ಬಂದವನು ಅದೇ ವೇಗದಲ್ಲಿ ಹೆದ್ದಾರಿಗೆ ನುಗ್ಗಿದ. ಅವನನ್ನು ಕ್ರಾಸಿಗೆ ಮುಂಚೆಯೇ ತಡೆಯಬೇಕು. ಈ ಮಾತಿಗೆ ಊರಲ್ಲಿ ನನಗೆ ಸಿಕ್ಕ ಉತ್ತರ, "ಕಾರ್‍ನೋರ್ ಕಡೆ ಮಾತಾಡ್ತಾನೆ ನೋಡು."

ಹಂಪ್ ಸರಿಮಾಡಿಸಲು ಓಡಾಡಿದ್ದು ಒಂದು ದೊಡ್ಡ ಕತೆ, ಚಿಕ್ಕದು ಮಾಡುತ್ತೇನೆ. ರಸ್ತೆ ಒಂದು ಇಲಾಖೆಯದು, ಬೀದಿದೀಪ ಪಂಚಾಯಿತಿಯದು, ದೀಪದ ಕಂಬ ವಿದ್ಯುತ್ ಕಂಪನಿಯದು, ತಿರುವಿನಲ್ಲಿ ಅಡ್ಡ ನಿಂತ ಮರ ಅರಣ್ಯದವರದು. ಒಂದು ಕಚೇರಿಯಲ್ಲಿ ನನ್ನ ಅರ್ಜಿಯನ್ನು ಓದಿದ ಸಾಹೇಬರು, "ಇದು ನಮಗೆ ಬರಲ್ಲ ಗೌಡ್ರೆ" ಅಂತ ಮೇಜಿನ ಆಚೆಗೆ ತಳ್ಳಿದರು. ಕೊನೆಗೆ ಕೆಲಸ ಆದದ್ದು ಇಂಜಿನಿಯರ್ ಒಬ್ಬರು ಬೇರೆ ಕಾಮಗಾರಿಗೆ ಬಂದಿದ್ದಾಗ ಅವರನ್ನು ಹಳೇ ಹಂಪಿನ ಮೇಲೆ ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೋದ ಮೇಲೆ.

ನಮ್ಮ ಕಡೆ ರಾತ್ರಿ ಅಪಘಾತ ಅಂದರೆ ಕಬ್ಬಿನ ಕಾಲದ್ದು. ಟ್ರ್ಯಾಕ್ಟರಿಗೆ ಎರಡೆರಡು ಟ್ರೈಲರ್ ಕಟ್ಟಿ, ಟ್ರೈಲರಿನ ಆಚೆ ಈಚೆ ಹರಡುವಂತೆ ಕಬ್ಬು ಒಟ್ಟಿ ಫ್ಯಾಕ್ಟರಿ ದಾರಿ ಹಿಡಿಯುತ್ತಾರೆ. ಹಿಂದೆ ಲೈಟು ಇರೋದಿಲ್ಲ. ಇದ್ದರೂ ಜೋತುಬಿದ್ದ ಸೋಗೆ ಅದನ್ನು ಮುಚ್ಚಿರುತ್ತೆ. ಹಿಂದಿನಿಂದ ಬರುವವನ ಲೆಕ್ಕ ಹೀಗಿದೆ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಎದುರಿಗೆ ಏನೋ ಇದೆ ಅಂತ ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಮೂವತ್ತು ಮೀಟರಿಗೂ ಹೆಚ್ಚು ದೂರ ದಾಟಿರುತ್ತೆ. ಬ್ರೇಕ್ ಹಿಡಿದು ನಿಲ್ಲಲು ಒಣ ರಸ್ತೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಬೇಕು. ಒಟ್ಟು ಎಪ್ಪತ್ತು ಮೀಟರ್ ಅನ್ನಿ. ಡಿಮ್ ಲೈಟಿನಲ್ಲಿ ಸ್ಪಷ್ಟವಾಗಿ ಕಾಣೋದು ಸುಮಾರು ಅದರ ಅರ್ಧ. ಕಂಡಾಗಲೇ ತಡವಾಗಿರುತ್ತೆ. ಅದೇ ನಲವತ್ತರಲ್ಲಿ ಹೋಗುತ್ತಿದ್ದರೆ ಇಪ್ಪತ್ತೈದು ಮೀಟರಿಗೆಲ್ಲ ನಿಲ್ಲುತ್ತಾನೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತೆ. ಡ್ರೈವಿಂಗ್ ಕಲಿಸುವವರು ಮೊದಲ ದಿನವೇ ಹೇಳಬೇಕಾದ ಪಾಠ ಇದು, ಯಾರೂ ಹೇಳಲ್ಲ.

ನಿಂತ ಲಾರಿಯದೂ ಇದೇ ಕತೆ. 2024ರ ಜೂನ್‌ನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ತಮ್ಮೂರು ಎಮ್ಮೆಹಟ್ಟಿಗೆ ಹೊರಟಿದ್ದವರ ಗಾಡಿ ರಸ್ತೆ ಬದಿ ನಿಂತ ಲಾರಿಗೆ ಹೊಡೆದು ಹದಿಮೂರು ಜನ ತೀರಿಕೊಂಡರು. ಒಂದೇ ಹಳ್ಳಿಗೆ ಅಷ್ಟು ಹೆಣ ಒಟ್ಟಿಗೆ ಬಂದರೆ ಆ ಊರು ಹೇಗೆ ತಡೆದುಕೊಳ್ಳಬೇಕು.

ಇದಕ್ಕೆ ಕೈಗೆಟುಕುವ ಮದ್ದು ರೇಡಿಯಂ ಸ್ಟಿಕ್ಕರ್. ಲೈಟು ಬಿದ್ದರೆ ದೂರದಿಂದಲೇ ಮಿಂಚುತ್ತೆ. ಟ್ರೈಲರಿನ ಹಲಗೆಗೆ ಅಂಟಿಸಿದರೆ ಲೈಟಿನ ಹಾಗೇ ಅದನ್ನೂ ಕಬ್ಬು ಮುಚ್ಚಿಬಿಡುತ್ತೆ, ಅದಕ್ಕೆ ನಾವು ಗೋಣಿಚೀಲದ ತುಂಡಿಗೆ ರೇಡಿಯಂ ಪಟ್ಟಿ ಹೊಲಿಸಿದೆವು. ಲೋಡು ಕಟ್ಟಿದ ಮೇಲೆ ಎಲ್ಲಕ್ಕಿಂತ ಹಿಂದೆ ಚಾಚಿದ ಕಬ್ಬಿನ ತುದಿಗೆ ಅದನ್ನು ಕಟ್ಟಬೇಕು. ಹೊಲಿದವರು ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು. ಮೊದಮೊದಲು ಟ್ರ್ಯಾಕ್ಟರ್ ಹುಡುಗರು ನಾಚಿಕೊಂಡರು, "ಏನಜ್ಜ, ಬಾವುಟ ಕಟ್ಕಂಡು ಹೋಗ್ಬೇಕಾ?" ಅಂತ. ಈಗ ಕಟ್ಟುತ್ತಾರೆ, ಎಲ್ಲರೂ ಅಲ್ಲ. ಅದೇ ಪಟ್ಟಿಯ ತುಂಡನ್ನು ದನದ ಕೊರಳಪಟ್ಟಿಗೂ ಕೆಲವರು ಹೊಲಿಸಿಕೊಂಡಿದ್ದಾರೆ. ಅದು ನಮ್ಮ ತಲೆಗೆ ಹೊಳೆದದ್ದಲ್ಲ, ದನ ಇದ್ದವರೇ ಕೇಳಿ ಮಾಡಿಸಿಕೊಂಡರು.

ಇನ್ನು ರಸ್ತೆಯ ಅಗಲ, ಅಂಚಿನ ಮಾತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾಯಿತು. ಅದರಲ್ಲಿ ಆದ ಹಳ್ಳಿ ರಸ್ತೆಗಳ ಟಾರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಬಸ್ಸಿನ ಅಗಲವೇ ಎರಡೂವರೆ ಮೀಟರ್. ಎದುರು ಗಾಡಿ ಬಂದರೆ ಒಂದು ಪಕ್ಕದ ಚಕ್ರ ಮಣ್ಣಿಗೆ ಇಳಿಯಲೇಬೇಕು. ಮರುಟಾರು ಹಾಕಿದಾಗೆಲ್ಲ ರಸ್ತೆ ಎತ್ತರವಾಗುತ್ತೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿ ತಗ್ಗಾಗುತ್ತೆ. ಆ ಅಂಚಿನಿಂದ ಇಳಿದ ಬೈಕು ಮತ್ತೆ ಹತ್ತುವಾಗ ಮುಂದಿನ ಚಕ್ರ ಸಿಕ್ಕಿಕೊಂಡು ಉರುಳುತ್ತೆ. ಟಾರು ಹಾಕುವ ಬಿಲ್ಲಿನಲ್ಲೇ ಅಂಚಿಗೆ ಮಣ್ಣು ತುಂಬುವ ಕೆಲಸವೂ ಇರುತ್ತೆ. ಊರಿನವರು ನಿಂತು ಕೇಳಬೇಕು. ಮಳೆಗಾಲ ಮುಗಿದ ಮೇಲೆ ತಿರುವುಗಳಲ್ಲಿ ಲಾಂಟಾನ, ಜಾಲಿ ಆಳೆತ್ತರ ಬೆಳೆದು ಎದುರಿನ ಗಾಡಿ ಕಾಣೋದಿಲ್ಲ. ಅದನ್ನು ಸವರೋದಕ್ಕೆ ಇಲಾಖೆಯವರ ಭಾಷೆಯಲ್ಲಿ ಜಂಗಲ್ ಕಟಿಂಗ್ ಅಂತ ಹೆಸರು. ಅದು ಆಗುವವರೆಗೆ ಕಾಯದೆ ಹಬ್ಬಕ್ಕೆ ಮುಂಚೆ ನಾವೇ ಸವರಿಬಿಡುತ್ತೇವೆ. ನಾಲೆ ಏರಿಯ ರಸ್ತೆ ಇರುವ ಊರಿನವರಿಗೆ ಇದಕ್ಕಿಂತ ದೊಡ್ಡ ಭಯ ಇದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ ಮಕ್ಕಳೂ ಸೇರಿ 30 ಜನ ಸತ್ತರು. ಅಲ್ಲಿ ತಡೆಗೋಡೆ ಇರಲಿಲ್ಲ. ನಾನು ಓಡಾಡಿದ ಸೀಮೆ ಅದು, ನಾಲೆ ಪಕ್ಕ ಎದುರು ಗಾಡಿಗೆ ದಾರಿ ಬಿಡುವಾಗ ಅಂಗೈ ಬೆವರುತ್ತಿತ್ತು.

ಹುಡುಗರ ವಿಷಯಕ್ಕೆ ಬರೋಣ. ಒಂಬತ್ತನೇ ಕ್ಲಾಸಿನ ಮಗ ಟ್ರ್ಯಾಕ್ಟರ್ ಓಡಿಸ್ತಾನೆ ಅನ್ನೋದು ನಮ್ಮಲ್ಲಿ ಹೆಮ್ಮೆಯ ಮಾತು. ಹೆಲ್ಮೆಟ್ ಹಾಕೋ ಅಂದರೆ, "ಇಲ್ಲೇ ತ್ವಾಟಕ್ಕೆ ಹೋಗ್ಬರಕ್ಕೂ ಹೆಲ್ಮೆಟ್ಟಾ?" ಅನ್ನುತ್ತಾರೆ, ತಲೆ ಒಡೆಯೋದಕ್ಕೆ ದೂರದ ಊರಿಗೇ ಹೋಗಬೇಕಾಗಿಲ್ಲ. ಗ್ರಾಮಸಭೆಯಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯನ್ನು ಓದಿ ಹೇಳಿದೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ತಂದೆಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಯಾರೂ ಅಲುಗಾಡಲಿಲ್ಲ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿ.ಎಲ್. ಸಿಗೋದಿಲ್ಲ ಅಂದಾಗ ಮಾತ್ರ ಪಿಸುಗುಟ್ಟಿದರು. ಡಿ.ಎಲ್. ಇಲ್ಲದಿದ್ದರೆ ಡ್ರೈವರ್ ಕೆಲಸ ಇಲ್ಲ, ಡೆಲಿವರಿ ಕೆಲಸವೂ ಇಲ್ಲ. ಬೀಗರ ಊಟಕ್ಕೆ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಜನ ತುಂಬಿಕೊಂಡು ಹೋಗೋದರ ಬಗ್ಗೆಯೂ ಹೇಳಿದೆ: ಸರಕಿನ ಗಾಡಿಯಲ್ಲಿ ಕೂತವರಿಗೆ ಏನಾದರೂ ಆದರೆ ವಿಮೆ ಕಂಪನಿ ಕೈ ತೊಳೆದುಕೊಳ್ಳುತ್ತೆ, ಟ್ರ್ಯಾಕ್ಟರ್ ಮಾಲೀಕನ ಜಮೀನು ಮಾರಿಹೋಗುತ್ತೆ. ಜಮೀನಿನ ಮಾತು ಬಂದರೆ ನಮ್ಮವರು ಕಿವಿ ಕೊಡುತ್ತಾರೆ.

ಬಿದ್ದವನನ್ನು ಎತ್ತಲು ಜನ ಹಿಂದೇಟು ಹಾಕುವ ಕಾಲ ಇನ್ನೂ ಪೂರ್ತಿ ಹೋಗಿಲ್ಲ. ಕೋರ್ಟು ಕಚೇರಿ ಅಲೆಯಬೇಕಾಗುತ್ತೆ ಅಂತ ಭಯ. ನೆರವಿಗೆ ಬಂದವರನ್ನು ಪೊಲೀಸರು ಪೀಡಿಸಬಾರದು, ಹೆಸರು ಹೇಳಿ ಅಂತ ಒತ್ತಾಯ ಮಾಡಬಾರದು ಅಂತ ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. ನಮ್ಮ ರಾಜ್ಯವೇ ಇದಕ್ಕೆ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ. ಅದೇ 2016ರ ಫೆಬ್ರವರಿಯಲ್ಲಿ ಊರಿನಲ್ಲಿ ವೋಟು ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ವಾಪಸಾಗುತ್ತಿದ್ದ ಗುಬ್ಬಿ ಕಡೆಯ ಹರೀಶ್ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಮುಂಚೆ ತನ್ನ ಕಣ್ಣು ದಾನ ಮಾಡಿ ಅಂದದ್ದನ್ನು ರಾಜ್ಯ ಮರೆತಿಲ್ಲ. ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸುವ ಯೋಜನೆಗೆ ಅವರ ಹೆಸರಿಟ್ಟರು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದು ಕಟ್ಟದೆ ಚಿಕಿತ್ಸೆ ಪಡೆಯಬಹುದು. ದುಡ್ಡು ಹೊಂದಿಸಿಕೊಂಡು ಹೊರಡೋಣ ಅಂತ ಕಾಯಬೇಕಾಗಿಲ್ಲ. 108ಕ್ಕೆ ಫೋನ್ ಮಾಡುವಾಗ ಊರ ಹೆಸರು ಹೇಳಿದರೆ ಸಾಲದು, ಯಾವ ಗೇಟು, ಯಾವ ಕ್ರಾಸು ಅಂತ ಹೇಳಿ. ಒಂದೇ ಹೆಸರಿನ ಊರು ತಾಲ್ಲೂಕಿಗೆ ಎರಡು ಮೂರು ಇರುತ್ತವೆ.

ಹೊಡೆದ ಗಾಡಿ ಯಾವುದು ಅಂತ ಗೊತ್ತಾಗದೇ ಹೋದರೆ ಪರಿಹಾರ ಸಿಗೋದಿಲ್ಲ ಅಂತ ಹಳ್ಳಿಯಲ್ಲಿ ತುಂಬ ಜನ ಸುಮ್ಮನಾಗಿಬಿಡುತ್ತಾರೆ. ಸಿಗುತ್ತೆ. 2022ರ ಏಪ್ರಿಲ್ 1ರಿಂದ ಅಂಥ ಸಾವಿಗೆ ಎರಡು ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000. ಅರ್ಜಿಯ ವಿಚಾರಣೆ ಮಾಡುವವರು ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಪೊಲೀಸ್ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟುಕೊಳ್ಳಬೇಕು. ಹೀಗಾಗಿ ದಾರಿಯಲ್ಲಿ ಸತ್ತದ್ದು ಗೊತ್ತಾದಾಗ ದೂರು ಕೊಡದೆ ಮಣ್ಣು ಮಾಡಬೇಡಿ. ನಮ್ಮ ಪಕ್ಕದ ಊರಿನ ಒಬ್ಬ ತಾಯಿಯ ಅರ್ಜಿ ಈಗ ಓಡಾಟದಲ್ಲಿದೆ. ಅವರ ಹೆಸರು ಆಧಾರಿನಲ್ಲಿ ಒಂದು ಥರ, ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ ಇದೆ ಅಂತ ವಾಪಸ್ ಬಂದಿತ್ತು. ಸೋಮವಾರ ಅವರೂ ನಾನೂ ನಾಗಮಂಗಲಕ್ಕೆ ಹೋಗಿ ಮೊದಲು ಅಫಿಡವಿಟ್ ಮಾಡಿಸಬೇಕು.